6 ವರ್ಷ ಮನೆಯೊಳಗೆ ಒಂದು ಹನಿ ಬೀಳಿಸದ ನಾಯಿ ಈಗ ಹಾಸಿಗೆ ಒದ್ದೆ ಮಾಡುತ್ತಿದೆ, ಏನು ಮಾಡಲಿ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಚಿನ್ನಿ ಹೆಣ್ಣು ಲ್ಯಾಬ್ರಡಾರ್. 7 ವರ್ಷ, 28 ಕೆಜಿ ತೂಕ. ಒಂದೂವರೆ ವರ್ಷದವಳಿದ್ದಾಗ ಮರಿ ಆಗದಂತೆ ಆಪರೇಷನ್ ಮಾಡಿಸಿದ್ದೇವೆ. ಹೊರಗೆ ಹೋಗಿ ಉಚ್ಚೆ ಮಾಡುವುದನ್ನು ಕಲಿತ ಮೇಲೆ ಒಂದು ದಿನವೂ ಮನೆಯೊಳಗೆ ಮಾಡಿದವಳಲ್ಲ. ಎರಡು ತಿಂಗಳಿಂದ ಬೆಳಿಗ್ಗೆ ನೋಡಿದರೆ ಅವಳ ಹಾಸಿಗೆ ಒದ್ದೆ. ಕಳೆದ ವಾರ ಎರಡು ಸಲ ಮುಂಬಾಗಿಲ ಹತ್ತಿರ ದೊಡ್ಡದಾಗಿ ಮಾಡಿದ್ದಳು. ನಮ್ಮ ಮನೆಯವರು ಗದರಿದರು. ಅವಳು ಮಂಚದ ಕೆಳಗೆ ಸೇರಿಕೊಂಡು ಎಷ್ಟು ಕರೆದರೂ ಬರಲಿಲ್ಲ. ನೀರು ಜಾಸ್ತಿ ಕುಡಿಯುತ್ತಿದ್ದಾಳೆ ಅನಿಸಿ ಈಗ ಸಂಜೆ ಮೇಲೆ ನೀರಿನ ಬಟ್ಟಲು ಎತ್ತಿಡುತ್ತಿದ್ದೇವೆ. ಹಟಕ್ಕೆ ಮಾಡುತ್ತಿದ್ದಾಳಾ? ಮತ್ತೆ ಮೊದಲಿನಿಂದ ಅಭ್ಯಾಸ ಮಾಡಿಸಬೇಕಾ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಓದುವುದನ್ನು ಇಲ್ಲಿಗೆ ನಿಲ್ಲಿಸಿ, ಎದ್ದು ಹೋಗಿ ಚಿನ್ನಿಯ ಬಟ್ಟಲಿಗೆ ನೀರು ತುಂಬಿಸಿ ಅದರ ಜಾಗದಲ್ಲಿ ಇಟ್ಟು ಬನ್ನಿ. ಮಿಕ್ಕಿದ್ದನ್ನು ಆಮೇಲೆ ಓದಬಹುದು.

ಯಾಕೆ ಇಷ್ಟು ಅವಸರ ಮಾಡುತ್ತಿದ್ದೇನೆ ಅಂದರೆ, ನೀರು ಜಾಸ್ತಿ ಕುಡಿಯುತ್ತಿರುವ ನಾಯಿಯ ಮುಂದಿನಿಂದ ನೀರು ತೆಗೆಯುವುದು ಅಪಾಯ. ನೀರು ಕುಡಿದಿದ್ದಕ್ಕೆ ಉಚ್ಚೆ ಜಾಸ್ತಿ ಆಗಿದೆ ಅಂತ ನಮಗೆ ಅನಿಸುತ್ತದೆ. ಎಷ್ಟೋ ಕಾಯಿಲೆಗಳಲ್ಲಿ ಆಗುವುದು ಇದರ ಉಲ್ಟಾ. ಕಿಡ್ನಿ ನೀರನ್ನು ಹಿಡಿದಿಟ್ಟುಕೊಳ್ಳಲಾರದೆ ಹೊರಗೆ ಬಿಡುತ್ತಾ ಇರುತ್ತದೆ. ಹೋದದ್ದನ್ನು ತುಂಬಿಕೊಳ್ಳಲು ನಾಯಿ ಕುಡಿಯುತ್ತದೆ. ಬಟ್ಟಲು ಎತ್ತಿಟ್ಟರೆ ಕುಡಿಯುವುದು ನಿಲ್ಲುತ್ತದೆ, ಹೊರಗೆ ಹೋಗುವುದು ನಿಲ್ಲುವುದಿಲ್ಲ. ಮೈಯಲ್ಲಿ ನೀರು ಕಮ್ಮಿಯಾಗುತ್ತದೆ. ಮೊದಲೇ ಸೋತಿರುವ ಕಿಡ್ನಿ ಆದರೆ ಒಂದೆರಡು ದಿನದಲ್ಲೇ ನಾಯಿ ಮಲಗಿಬಿಡಬಹುದು. ನೀವು ಮಾಡಿದ್ದು ಕೆಟ್ಟ ಉದ್ದೇಶದಿಂದ ಅಲ್ಲ, ನನಗೆ ಗೊತ್ತು. ಹೆಚ್ಚಿನವರು ಮೊದಲು ಮಾಡುವುದು ಇದನ್ನೇ.

ಇನ್ನು ಹಟದ ಮಾತು. ಇಲ್ಲ, ಚಿನ್ನಿ ಹಟಕ್ಕೆ ಮಾಡುತ್ತಿಲ್ಲ. ಉಚ್ಚೆ ಮಾಡಿ ಸೇಡು ತೀರಿಸಿಕೊಳ್ಳುವ ಯೋಚನೆ ನಾಯಿಗೆ ಬರುವುದಿಲ್ಲ. ನಮಗೆ ಗಲೀಜು ಅನಿಸುವ ಉಚ್ಚೆ ನಾಯಿಗೆ ಗಲೀಜೇ ಅಲ್ಲ, ಆದ್ದರಿಂದ ಅದನ್ನು ಯಾರ ಮೇಲೂ ತಿರುಗಿಸುವ ಪ್ರಶ್ನೆ ಬರುವುದಿಲ್ಲ. ಆರು ವರ್ಷ ಪಾಲಿಸಿದ ಅಭ್ಯಾಸ ಎರಡು ತಿಂಗಳಲ್ಲಿ ಮರೆತೂ ಹೋಗುವುದಿಲ್ಲ. ಅಭ್ಯಾಸ ಹಾಗೇ ಇದೆ, ಮೈ ಜೊತೆ ಕೊಡುತ್ತಿಲ್ಲ. ಹಾಗಾಗಿ ಮೊದಲಿನಿಂದ ಅಭ್ಯಾಸ ಮಾಡಿಸುವುದನ್ನು ಈಗಲೇ ಕೈಬಿಡಿ.

ನನ್ನ ಹತ್ತಿರ ಇಂಥ ನಾಯಿ ಬಂದರೆ ನಾನು ಮೊದಲು ಕೇಳುವುದು ಒಂದೇ ಮಾತು: ಉಚ್ಚೆ ಮಾಡಿದ್ದಾ, ಸೋರಿದ್ದಾ? ಎರಡೂ ನೆಲದ ಮೇಲೆ ಒಂದೇ ಥರ ಕಾಣುತ್ತವೆ. ಒಳಗಿನ ಕತೆ ಬೇರೆ ಬೇರೆ. ಮಾಡುವಾಗ ನಾಯಿ ಎಚ್ಚರ ಇರುತ್ತದೆ, ಒಂದು ಜಾಗಕ್ಕೆ ಹೋಗುತ್ತದೆ, ಕೂರುತ್ತದೆ ಅಥವಾ ಕಾಲೆತ್ತುತ್ತದೆ. ಸೋರುವಾಗ ಅದಕ್ಕೆ ಗೊತ್ತೇ ಇರುವುದಿಲ್ಲ. ನಿದ್ದೆಯಲ್ಲಿ, ಹಾಯಾಗಿ ಒರಗಿದಾಗ, ಕೆಲವೊಮ್ಮೆ ಏಳುವಾಗ ಹನಿ ಬೀಳುತ್ತದೆ. ಎದ್ದ ಮೇಲೆ ಒದ್ದೆಯಾದ ಜಾಗವನ್ನು ಮೂಸಿ ನೋಡಿ ನೆಕ್ಕಿಕೊಳ್ಳುತ್ತದೆ, ಅಷ್ಟೆ.

ಇದರ ಜೊತೆ ಇನ್ನು ಮೂರು ವಿಷಯ ನೋಡಿ. ಎಷ್ಟು? ಯಾವಾಗ? ಕಷ್ಟಪಟ್ಟು ಮಾಡುತ್ತಿದೆಯಾ? ಅಂಗೈಯಷ್ಟು ಒದ್ದೆ ಆಗಿದ್ದಕ್ಕೂ ಬಕೆಟ್ ಮಗುಚಿದ ಹಾಗೆ ಹರಿದಿದ್ದಕ್ಕೂ ವ್ಯತ್ಯಾಸ ಇದೆ. ಮಲಗಿದಾಗ ಮಾತ್ರ ಆಗುವುದೇ ಬೇರೆ, ನೀವು ಮನೆಯಲ್ಲಿ ಇಲ್ಲದಾಗ ಮಾತ್ರ ಆಗುವುದೇ ಬೇರೆ. ಒಂದು ಚೀಟಿಯಲ್ಲಿ ಐದಾರು ದಿನ ಬರೆದಿಡಿ. ಆಗುವಾಗಲೇ ನೋಡಿದರೆ ಫೋನಿನಲ್ಲಿ ಒಂದು ವಿಡಿಯೊ ಮಾಡಿಕೊಳ್ಳಿ. ಅರ್ಧ ಗಂಟೆ ವಿವರಿಸಿದರೂ ತಿಳಿಯದ್ದು ಹತ್ತು ಸೆಕೆಂಡಿನ ವಿಡಿಯೊದಲ್ಲಿ ನಮಗೆ ತಿಳಿಯುತ್ತದೆ.

ಈಗ ಚಿನ್ನಿಯ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ಎರಡೂ ಇವೆ. ಬೆಳಿಗ್ಗೆಯ ಒದ್ದೆ ಹಾಸಿಗೆ ಸೋರಿದ್ದು. ಬಾಗಿಲ ಹತ್ತಿರದ್ದು ಮಾಡಿದ್ದು. ಅದೂ ಎಲ್ಲಿ ಮಾಡಿದ್ದಾಳೆ ನೋಡಿ. ಹೊರಗೆ ಹೋಗಬೇಕು ಅಂತ ಬಾಗಿಲವರೆಗೆ ಬಂದಿದ್ದಾಳೆ. ತಡೆಯಲಾಗದೆ ಅಲ್ಲೇ ಬಿಟ್ಟಿದ್ದಾಳೆ. ಕಲಿಸಿದ್ದನ್ನು ಕೊನೆಯ ನಿಮಿಷದವರೆಗೂ ಪಾಲಿಸಲು ನೋಡಿದ ನಾಯಿ ಅದು. ಅವಳು ಗದರಿಸಿಕೊಂಡಳು ಅನ್ನುವುದನ್ನು ಓದಿ ನನಗೆ ಸಂಕಟ ಆಯಿತು.

ನನ್ನ ಊಹೆ ಹೀಗಿದೆ. ಒಂದು, ಮೂತ್ರನಾಳದ ಬಾಯಿಯನ್ನು ಬಿಗಿ ಹಿಡಿಯುವ ಸ್ನಾಯು ಸಡಿಲವಾಗಿದೆ. ಎರಡು, ಯಾವುದೋ ಕಾರಣಕ್ಕೆ ಉಚ್ಚೆಯ ಪ್ರಮಾಣ ಹೆಚ್ಚಾಗಿದೆ. ಮೊದಲನೆಯದು ಕೆಲವು ವರ್ಷಗಳಿಂದಲೇ ಇದ್ದಿರಬಹುದು. ಮೂತ್ರಕೋಶ ಅರ್ಧ ತುಂಬಿದ್ದಾಗ ಸಡಿಲ ಸ್ನಾಯುವೂ ಹೇಗೋ ತಡೆಯುತ್ತದೆ. ರಾತ್ರಿಯೆಲ್ಲ ತುಂಬಿ ತುಳುಕುವಾಗ ತಡೆಯಲಾರದು. ಇದು ಊಹೆ ಮಾತ್ರ, ಪರೀಕ್ಷೆ ಮಾಡದೆ ಗಟ್ಟಿಯಾಗಿ ಹೇಳಲಾಗದು. ಆದರೆ 'ಆಪರೇಷನ್ ಆದ ಹೆಣ್ಣುನಾಯಿ, ನಿದ್ದೆಯಲ್ಲಿ ಸೋರುತ್ತದೆ, ಸ್ನಾಯು ಸಡಿಲ, ಈ ಮಾತ್ರೆ ಕೊಡಿ' ಅಂತ ಯಾರಾದರೂ ಒಂದೇ ನಿಮಿಷದಲ್ಲಿ ಹೇಳಿದರೆ, ನೀರು ಜಾಸ್ತಿ ಕುಡಿಯುತ್ತಿರುವ ವಿಷಯವನ್ನು ನೀವು ಬಾಯಿಬಿಟ್ಟು ಹೇಳಲೇಬೇಕು.

ಸ್ನಾಯು ಯಾಕೆ ಸಡಿಲವಾಗುತ್ತದೆ? ಹೆಣ್ಣುನಾಯಿಯ ಅಂಡಾಶಯದಿಂದ ಬರುವ ಈಸ್ಟ್ರೋಜನ್ ಆ ಸ್ನಾಯುವಿನ ಬಿಗಿತಕ್ಕೆ ಬಲ ಕೊಡುತ್ತದೆ. ಆಪರೇಷನ್‌ನಲ್ಲಿ ಅಂಡಾಶಯ ತೆಗೆದ ಮೇಲೆ ಆ ಬಲ ಕಮ್ಮಿಯಾಗುತ್ತದೆ. ಎಲ್ಲ ನಾಯಿಗಳಿಗೂ ಹೀಗಾಗುವುದಿಲ್ಲ. ಆಪರೇಷನ್ ಆದ ಹೆಣ್ಣುನಾಯಿಗಳಲ್ಲಿ 100ಕ್ಕೆ 5ರಿಂದ 20ರವರೆಗೆ ಅಂತ ಬೇರೆ ಬೇರೆ ಅಧ್ಯಯನಗಳು ಹೇಳುತ್ತವೆ. ದೊಡ್ಡ ಜಾತಿಗಳಲ್ಲಿ ಜಾಸ್ತಿ. ಡಾಬರ್‌ಮನ್, ಬಾಕ್ಸರ್, ರಾಟ್‌ವೀಲರ್‌ಗಳಲ್ಲಿ ಹೆಚ್ಚು ಕಾಣುತ್ತೇವೆ. ಆಪರೇಷನ್ ಆದ ತಕ್ಷಣ ಶುರುವಾಗಬಹುದು, ಎಷ್ಟೋ ವರ್ಷ ಬಿಟ್ಟೂ ಆಗಬಹುದು. ಮೈ ತೂಕ ಹೆಚ್ಚಿದ್ದರೆ ಸೋರುವುದೂ ಹೆಚ್ಚುತ್ತದೆ. ಇದನ್ನು ಓದಿ ಆಪರೇಷನ್ ಮಾಡಿಸಿದ್ದೇ ತಪ್ಪು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಅದರಿಂದ ತಪ್ಪಿದ ಒಂದು ದೊಡ್ಡ ಕಾಯಿಲೆಯ ಬಗ್ಗೆ ಮುಂದೆ ಹೇಳುತ್ತೇನೆ.

ಈ ಸಡಿಲಕ್ಕೆ ಒಳ್ಳೆಯ ಔಷಧಿ ಇದೆ. ಫಿನೈಲ್‌ಪ್ರೊಪನೊಲಮೈನ್ ಅನ್ನುವುದು ಸ್ನಾಯುವನ್ನು ಬಿಗಿ ಮಾಡುತ್ತದೆ. ಎಸ್ಟ್ರಿಯೋಲ್ ಅನ್ನುವುದು ಕಮ್ಮಿಯಾದ ಹಾರ್ಮೋನಿನ ಜಾಗ ತುಂಬುತ್ತದೆ. ಎರಡರಲ್ಲಿ ಒಂದಕ್ಕೆ ಹೆಚ್ಚಿನ ನಾಯಿಗಳು ಚೆನ್ನಾಗಿ ಸ್ಪಂದಿಸುತ್ತವೆ. ಒದ್ದೆ ಹಾಸಿಗೆ ಕೆಲವೇ ವಾರದಲ್ಲಿ ಒಣಗಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸಾಮಾನ್ಯವಾಗಿ ಬಹಳ ಕಾಲ, ಕೆಲವೊಮ್ಮೆ ಜೀವನಪೂರ್ತಿ ಕೊಡಬೇಕಾಗುತ್ತದೆ. ಆದರೆ ಮೊದಲನೆಯ ಔಷಧಿ ರಕ್ತದೊತ್ತಡ ಏರಿಸಬಹುದು, ನಾಯಿಯನ್ನು ಚಡಪಡಿಸುವಂತೆ ಮಾಡಬಹುದು. ಹೃದಯದ ಅಥವಾ ಕಿಡ್ನಿಯ ತೊಂದರೆ ಇರುವ ನಾಯಿಗೆ ಯೋಚಿಸಿ ಕೊಡಬೇಕಾದ ಔಷಧಿ ಅದು. ಪರೀಕ್ಷೆ ಮೊದಲು, ಮಾತ್ರೆ ಆಮೇಲೆ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಔಷಧಿಗೆ ಬಗ್ಗದ ಕೆಲವು ನಾಯಿಗಳಿಗೆ ಆಪರೇಷನ್ ದಾರಿಗಳೂ ಇವೆ. ಅಲ್ಲಿಯವರೆಗೆ ಹೋಗುವುದು ಅಪರೂಪ.

ಈಗ ನೀರಿನ ಲೆಕ್ಕ. ಚಿನ್ನಿ ನಿಜವಾಗಿ ಜಾಸ್ತಿ ಕುಡಿಯುತ್ತಿದ್ದಾಳಾ? ಅಂದಾಜು ಬೇಡ, ಅಳೆಯೋಣ. ಬೆಳಿಗ್ಗೆ ಒಂದು ಹೊತ್ತಿಗೆ ಅಳತೆ ಮಾಡಿದ ನೀರು ಬಟ್ಟಲಿಗೆ ಹಾಕಿ. ಮತ್ತೆ ತುಂಬಿಸುವಾಗಲೂ ಅಳೆದೇ ಹಾಕಿ. ಮಾರನೇ ದಿನ ಅದೇ ಹೊತ್ತಿಗೆ ಉಳಿದದ್ದನ್ನು ಕಳೆಯಿರಿ. ಮೂರು ದಿನ ಹೀಗೆ ಮಾಡಿ ಸರಾಸರಿ ತೆಗೆಯಿರಿ. ಬಕೆಟ್, ಬಚ್ಚಲು, ತೊಟ್ಟಿಯ ನೀರು ಕುಡಿಯದಂತೆ ನೋಡಿಕೊಳ್ಳಿ. ಆರೋಗ್ಯವಾಗಿರುವ ನಾಯಿ ದಿನಕ್ಕೆ ಒಂದು ಕೆಜಿ ತೂಕಕ್ಕೆ ಸುಮಾರು 50ರಿಂದ 60 ಮಿಲಿಲೀಟರ್ ಕುಡಿಯುತ್ತದೆ. 28 ಕೆಜಿಯ ಚಿನ್ನಿಗೆ ಅದು ಹೆಚ್ಚುಕಮ್ಮಿ ಒಂದೂವರೆ ಲೀಟರ್. ಸೆಕೆ ಇದ್ದರೆ, ಓಡಾಟ ಇದ್ದರೆ, ಒಣ ಆಹಾರ ತಿಂದರೆ ಸ್ವಲ್ಪ ಏರುತ್ತದೆ. ಕೆಜಿಗೆ 100 ಮಿಲಿಲೀಟರ್ ದಾಟಿದರೆ, ಅಂದರೆ ಅವಳು ದಿನಕ್ಕೆ 2.8 ಲೀಟರ್‌ಗಿಂತ ಜಾಸ್ತಿ ಕುಡಿದರೆ, ಅದು ಸಹಜವಲ್ಲ, ಕಾರಣ ಹುಡುಕಲೇಬೇಕು. ಅಷ್ಟು ಮುಟ್ಟದಿದ್ದರೂ, ಅವಳು ಹಿಂದೆ ಕುಡಿಯುತ್ತಿದ್ದುದಕ್ಕಿಂತ ದಿನೇ ದಿನೇ ಏರುತ್ತಿದ್ದರೆ ತೋರಿಸಿ.

ಹೀಗೆ ಕುಡಿಸುವ ಕಾಯಿಲೆಗಳು ಹಲವು. ಸಕ್ಕರೆ ಕಾಯಿಲೆಯಲ್ಲಿ ಉಚ್ಚೆಯಲ್ಲಿ ಹೋಗುವ ಸಕ್ಕರೆ ತನ್ನ ಜೊತೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ನಾಯಿ ಚೆನ್ನಾಗಿ ತಿನ್ನುತ್ತದೆ, ಆದರೂ ಸೊರಗುತ್ತದೆ. ಕುಶಿಂಗ್ಸ್ ಕಾಯಿಲೆಯಲ್ಲಿ ಮೈಯೇ ಕಾರ್ಟಿಸಾಲ್ ಅನ್ನುವ ಹಾರ್ಮೋನನ್ನು ಹೆಚ್ಚಾಗಿ ತಯಾರಿಸುತ್ತದೆ. ಹೊಟ್ಟೆ ಜೋಲುತ್ತದೆ, ಕೂದಲು ತೆಳುವಾಗುತ್ತದೆ, ಸುಮ್ನೆ ಮಲಗಿದ್ದಾಗಲೂ ತೇಕುತ್ತದೆ. ಕಿಡ್ನಿ ಕಾಯಿಲೆ ಇನ್ನೂ ಮೆಲ್ಲಗೆ ಬರುತ್ತದೆ. ಕಿಡ್ನಿಯ ಮೂರರಲ್ಲಿ ಎರಡು ಭಾಗದಷ್ಟು ಕೆಲಸ ನಿಂತ ಮೇಲೆ ಉಚ್ಚೆ ತೆಳುವಾಗುತ್ತದೆ. ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನುವ ಕಸ ರಕ್ತದಲ್ಲಿ ಏರುವ ಹೊತ್ತಿಗೆ ಸುಮಾರು ಮುಕ್ಕಾಲು ಭಾಗ ಹೋಗಿರುತ್ತದೆ. ಆದ್ದರಿಂದ ಮನೆಯೊಳಗಿನ ಆ ಎರಡು ಉಚ್ಚೆ ನಿಮಗೆ ಬೇಗ ಸಿಕ್ಕ ಸುಳಿವೂ ಆಗಿರಬಹುದು. ಇನ್ನೊಂದು ಸುಲಭದ ಕಾರಣ ಮರೆಯಬೇಡಿ. ತುರಿಕೆಗೆ, ಅಲರ್ಜಿಗೆ ಅಂತ ಪ್ರೆಡ್ನಿಸೊಲೋನ್‌ನಂಥ ಸ್ಟೆರಾಯ್ಡ್ ಕೊಡುತ್ತಿದ್ದೀರಾ? ಅದೊಂದೇ ಸಾಕು, ನಾಯಿ ಬಟ್ಟಲುಗಟ್ಟಲೆ ಕುಡಿದು ರಾತ್ರಿ ತಡೆಯಲಾರದೆ ಒದ್ದಾಡುತ್ತದೆ. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರಿಗೆ ಹೇಳಿ.

ಆಪರೇಷನ್ ಆಗದ ಹೆಣ್ಣುನಾಯಿ ಸಾಕಿದವರು ಇದನ್ನು ಓದುತ್ತಿದ್ದರೆ ನಿಮಗೊಂದು ಮಾತು. ಬೆದೆ ಮುಗಿದ ಕೆಲವು ವಾರಗಳಲ್ಲಿ ನಾಯಿ ಇದ್ದಕ್ಕಿದ್ದಂತೆ ನೀರು ಜಾಸ್ತಿ ಕುಡಿದು, ಊಟ ಬಿಟ್ಟು, ಮಂಕಾದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಕೀವು ಹೊರಗೆ ಬರದೆ ಒಳಗೇ ನಿಂತಿರಲೂಬಹುದು, ಹಾಗಾಗಿ ಹೊರಗೆ ಏನೂ ಕಾಣುತ್ತಿಲ್ಲ ಅಂತ ಸುಮ್ಮನಿರಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮಾರನೇ ದಿನಕ್ಕೆ ಬಿಟ್ಟು ಕಳೆದುಕೊಂಡ ನಾಯಿಗಳ ಮುಖ ನನಗೆ ಇನ್ನೂ ನೆನಪಿದೆ. ಆಪರೇಷನ್ ಆಗಿದ್ದರಿಂದ ಚಿನ್ನಿಗೆ ತಪ್ಪಿದ ದೊಡ್ಡ ಕಾಯಿಲೆ ಅಂದೆನಲ್ಲ, ಅದು ಇದೇ.

ಮೂತ್ರಕೋಶದ ಸೋಂಕು ಇನ್ನೊಂದು ಥರ ಕಾಣುತ್ತದೆ. ನಾಯಿ ಪದೇ ಪದೇ ಹೊರಗೆ ಹೋಗಬೇಕು ಅನ್ನುತ್ತದೆ. ಪ್ರತಿ ಸಲ ಸ್ವಲ್ಪ ಸ್ವಲ್ಪವೇ ಮಾಡುತ್ತದೆ. ಮಾಡಿ ಮುಗಿದ ಮೇಲೂ ತಿಣುಕುತ್ತಾ ಕೂತಿರುತ್ತದೆ. ಉಚ್ಚೆ ಕೆಂಪಗೆ ಅಥವಾ ಕಲಕಿದ ಹಾಗೆ ಇರಬಹುದು, ನಾತ ಜೋರಾಗಿರಬಹುದು. ಹೆಣ್ಣುನಾಯಿಯ ಮೂತ್ರನಾಳ ಗಿಡ್ಡ, ಅಗಲ. ಹೊರಗಿನ ಬ್ಯಾಕ್ಟೀರಿಯಾ ಸುಲಭವಾಗಿ ಒಳಗೆ ಹೋಗುತ್ತದೆ. ಸೋರುತ್ತಾ ಸದಾ ಒದ್ದೆ ಇರುವ ನಾಯಿಗೆ ಸೋಂಕು ಬರುವುದೂ ಸುಲಭ, ಹಾಗಾಗಿ ಚಿನ್ನಿಗೆ ಎರಡೂ ಇರಬಹುದು. ದಯವಿಟ್ಟು ಮನೆಯಲ್ಲಿ ಉಳಿದಿರುವ ಆಂಟಿಬಯಾಟಿಕ್ ಕೊಡಬೇಡಿ. ಎರಡು ದಿನ ಕಮ್ಮಿಯಾದಂತೆ ಕಾಣುತ್ತದೆ, ಆಮೇಲೆ ಆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಉಳಿದುಕೊಳ್ಳುತ್ತದೆ. ಪದೇ ಪದೇ ಸೋಂಕು ಬರುತ್ತಿದ್ದರೆ ಉಚ್ಚೆಯಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಮಾಡಿಸಿ, ಯಾವ ಔಷಧಿ ಕೆಲಸ ಮಾಡುತ್ತದೆ ಅಂತ ತಿಳಿದೇ ಕೊಡಬೇಕು.

ಮೂತ್ರಕೋಶದ ಕಲ್ಲುಗಳೂ ಹೀಗೇ ಕಾಡುತ್ತವೆ. ಸ್ಟ್ರುವೈಟ್ ಅನ್ನುವ ಕಲ್ಲು ನಾಯಿಗಳಲ್ಲಿ ಬಹುಪಾಲು ಸೋಂಕಿನ ಬೆನ್ನಿಗೇ ಬರುತ್ತದೆ. ಅದನ್ನು ವಿಶೇಷ ಆಹಾರ ಮತ್ತು ಆಂಟಿಬಯಾಟಿಕ್‌ನಿಂದ ಕರಗಿಸಬಹುದು. ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಕರಗುವುದಿಲ್ಲ, ತೆಗೆಯಬೇಕು. ಕೆಲವು ಕಲ್ಲು ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ, ಅದಕ್ಕೆ ಸ್ಕ್ಯಾನಿಂಗ್ ಬೇಕಾಗುತ್ತದೆ.

ಗಂಡುನಾಯಿಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಆದರೆ ಇದರಲ್ಲಿ ಒಂದು ಮಾತು ಜೀವದ್ದು. ಗಂಡುನಾಯಿಯ ಶಿಶ್ನದಲ್ಲಿ ಒಂದು ಮೂಳೆ ಇದೆ. ಮೂತ್ರನಾಳ ಆ ಮೂಳೆಯ ತೋಡಿನಲ್ಲಿ ಹಾದುಹೋಗುತ್ತದೆ, ಅಲ್ಲಿ ಹಿಗ್ಗಲಾರದು. ಸಣ್ಣ ಕಲ್ಲೊಂದು ಅಲ್ಲಿ ಸಿಕ್ಕಿಕೊಂಡರೆ ಉಚ್ಚೆ ಕಟ್ಟಿಕೊಳ್ಳುತ್ತದೆ. ಮೂತ್ರಕೋಶ ಬಿಗಿದು, ಕಲ್ಲಿನ ಪಕ್ಕದಿಂದ ಹನಿ ಹನಿ ಮಾತ್ರ ತೊಟ್ಟಿಕ್ಕುತ್ತದೆ. ಮನೆಯವರಿಗೆ ಅದು 'ಸೋರುತ್ತಿದೆ' ಅಂತ ಕಾಣುತ್ತದೆ. ತಿಣುಕುತ್ತಿದೆ, ಉಚ್ಚೆ ಬರುತ್ತಿಲ್ಲ ಅಂದರೆ ರಾತ್ರಿ ಎಷ್ಟೇ ಹೊತ್ತಾಗಿರಲಿ, ಹೊರಡಿ. ಗಂಟೆಗಳ ಲೆಕ್ಕದಲ್ಲಿ ಪ್ರಾಣ ಹೋಗುವ ವಿಷಯ ಅದು. ಹಾಗೆಯೇ ಹಿಂಗಾಲು ತೂರಾಡುತ್ತಿದ್ದರೆ, ಬಾಲ ಸೋತು ಜೋತಿದ್ದರೆ, ಬೆನ್ನು ಮುಟ್ಟಿದರೆ ಕಿರುಚಿದರೆ ಅದು ಬೆನ್ನುಹುರಿಯ ತೊಂದರೆ ಇರಬಹುದು. ಗಂಡಾಗಲಿ ಹೆಣ್ಣಾಗಲಿ ಅದಕ್ಕೂ ಕಾಯಬಾರದು.

ಚಿನ್ನಿಗೆ ನಾಳೆ ಬೆಳಿಗ್ಗೆ ಮಾಡಬೇಕಾದ್ದು ಇಷ್ಟು. ಎದ್ದ ಕೂಡಲೇ ಹೊರಗೆ ಕರೆದುಕೊಂಡು ಹೋಗುವಾಗ ಚೆನ್ನಾಗಿ ತೊಳೆದು ಒಣಗಿಸಿದ ಉದ್ದ ಹಿಡಿಯ ಸೌಟು ಅಥವಾ ಚಪ್ಪಟೆ ತಟ್ಟೆ ಹಿಡಿದುಕೊಳ್ಳಿ. ಸೋಪಿನ ಅಂಶ ಇರಬಾರದು. ಅವಳು ಕೂತು ಶುರು ಮಾಡಿದ ಮೇಲೆ, ಹಿಂದಿನಿಂದ ಮೆಲ್ಲಗೆ ಕೆಳಗೆ ತಳ್ಳಿ. ಮೊದಲೇ ಒಡ್ಡಿದರೆ ಎದ್ದುಬಿಡುತ್ತಾಳೆ. ಎರಡು ಮೂರು ಚಮಚದಷ್ಟು ಸಿಕ್ಕರೂ ಸಾಕು. ಮುಚ್ಚಳ ಇರುವ ಸ್ವಚ್ಛ ಡಬ್ಬಿಗೆ ಹಾಕಿ ಒಂದು ಗಂಟೆಯೊಳಗೆ ತಲುಪಿಸಿ. ಆಗದಿದ್ದರೆ ಫ್ರಿಜ್ಜಿನಲ್ಲಿ ಇಡಿ, ಫ್ರೀಜರ್‌ನಲ್ಲಿ ಬೇಡ. ಬೆಳಗಿನ ಮೊದಲ ಉಚ್ಚೆಯೇ ಯಾಕೆ ಅಂದರೆ ರಾತ್ರಿಯೆಲ್ಲ ಕಿಡ್ನಿ ಅದನ್ನು ಗಟ್ಟಿ ಮಾಡಿರಬೇಕು. ಬರೀ ನೀರಿನ ಸಾಂದ್ರತೆ 1.000 ಅಂತ ಇಟ್ಟುಕೊಂಡರೆ, ಉಚ್ಚೆಯದು 1.030 ದಾಟಿದ್ದರೆ ಕಿಡ್ನಿ ತನ್ನ ಕೆಲಸ ಮಾಡುತ್ತಿದೆ ಅಂತ ಸಮಾಧಾನ ಪಡಬಹುದು. 1.008ರಿಂದ 1.012ರ ಒಳಗೇ ನಿಂತಿದ್ದರೆ ಮುಂದಿನ ಪರೀಕ್ಷೆ ಬೇಕು. ಸಕ್ಕರೆ, ರಕ್ತ, ಪ್ರೋಟೀನ್ ಇದೆಯಾ ಅನ್ನುವುದೂ ಅದರಲ್ಲೇ ತಿಳಿಯುತ್ತದೆ. ಕಲ್ಚರ್‌ಗೆ ಮಾತ್ರ ಈ ಉಚ್ಚೆ ಆಗುವುದಿಲ್ಲ. ಹೊಟ್ಟೆಯ ಮೂಲಕ ಸಣ್ಣ ಸೂಜಿ ಹಾಕಿ ನೇರ ಮೂತ್ರಕೋಶದಿಂದಲೇ ತೆಗೆಯುತ್ತಾರೆ. ಕೇಳಲು ಭಯ ಆಗುತ್ತದೆ, ಅಲ್ವಾ? ನಾಯಿಗಳು ಅದನ್ನು ರಕ್ತ ತೆಗೆಸಿಕೊಳ್ಳುವಷ್ಟೇ ಸುಲಭವಾಗಿ ತಡೆದುಕೊಳ್ಳುತ್ತವೆ. ಜೊತೆಗೆ ಒಂದು ರಕ್ತ ಪರೀಕ್ಷೆ ಮಾಡಿಸಿ.

ನಿಮ್ಮ ಮನೆಯವರಿಗೂ ಒಂದು ಮಾತು ಹೇಳಬೇಕು. ಗದರಿದಾಗ ಚಿನ್ನಿ ಮಂಚದ ಕೆಳಗೆ ಸೇರಿದ್ದನ್ನು ನೋಡಿ, ಅವಳಿಗೆ ತಪ್ಪು ಮಾಡಿದ್ದು ಗೊತ್ತು ಅಂತ ಅವರಿಗೆ ಅನಿಸಿರಬೇಕು. ಬಹಳ ಜನರಿಗೆ ಹಾಗೇ ಅನಿಸುತ್ತದೆ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವ ವಿಜ್ಞಾನಿ ಇದನ್ನೇ 14 ನಾಯಿಗಳ ಮೇಲೆ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಮುಟ್ಟಬೇಡ ಅಂದ ತಿಂಡಿಯನ್ನು ಕೆಲವು ನಾಯಿಗಳು ತಿಂದಿದ್ದವು, ಕೆಲವು ತಿಂದಿರಲಿಲ್ಲ. ಆದರೆ ಆ ಅಪರಾಧಿಯ ಮುಖ ಕಂಡಿದ್ದು ತಿಂದದ್ದಕ್ಕೂ ಬಿಟ್ಟಿದ್ದಕ್ಕೂ ಸಂಬಂಧವಿಲ್ಲದೆ, ಯಜಮಾನರು ಗದರಿದಾಗ. ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಮಾಡಿ, ಮಂಚದ ಕೆಳಗೆ ಸೇರುವುದು ಹೆದರಿಕೆ. ನಿದ್ದೆಯಲ್ಲಿ ಸೋರಿದ್ದಕ್ಕೆ ಬೈಸಿಕೊಂಡ ನಾಯಿಗೆ ಯಾಕೆ ಬೈದರು ಅಂತ ತಿಳಿಯುವ ದಾರಿಯೇ ಇಲ್ಲ. ಎಚ್ಚರದಲ್ಲಿ ಮಾಡಿದ್ದಕ್ಕೆ ಬೈದರೆ ಅದು ಕಲಿಯುವುದು ಒಂದೇ, ಇವರ ಕಣ್ಣಿಗೆ ಬೀಳದ ಹಾಗೆ ಮಾಡಬೇಕು ಅನ್ನುವುದು. ಆಮೇಲೆ ಸೋಫಾ ಹಿಂದೆ ಹುಡುಕಬೇಕಾಗುತ್ತದೆ. ಹೊರಗೆ ನಿಮ್ಮ ಮುಂದೆ ಮಾಡಲೂ ಹೆದರುತ್ತದೆ, ಆಗ ಪರೀಕ್ಷೆಗೆ ಉಚ್ಚೆ ಹಿಡಿಯುವುದೂ ಕಷ್ಟ.

ಪರೀಕ್ಷೆಗಳಲ್ಲಿ ಏನೂ ಸಿಗದಿದ್ದರೆ ಮಾತ್ರ ಮನಸ್ಸಿನ ಕಾರಣಗಳನ್ನು ಹುಡುಕುತ್ತೇವೆ. ಯಾರೋ ಬಂದಾಗ ಸಂಭ್ರಮಕ್ಕೆ, ಅಥವಾ ಮೇಲೆ ಬಗ್ಗಿ ಮಾತಾಡಿಸಿದಾಗ ಅಂಜಿ ಬಿಡುವ ನಾಯಿಗಳಿವೆ. ಒಂಟಿಯಾಗಿ ಬಿಟ್ಟಾಗ ಗಾಬರಿಗೆ ಮಾಡುವ ನಾಯಿ ಸಾಮಾನ್ಯವಾಗಿ ಬಾಗಿಲು ಕೆರೆದಿರುತ್ತದೆ, ಬೊಗಳಿ ಬೊಗಳಿ ಸುಸ್ತಾಗಿರುತ್ತದೆ. ಮನೆಗೆ ಹೊಸ ಮಗು, ಹೊಸ ನಾಯಿ ಬಂದಾಗ ಗೋಡೆ, ಬ್ಯಾಗು, ಸೋಫಾದ ಕಾಲಿಗೆ ಸ್ವಲ್ಪ ಸ್ವಲ್ಪ ಹೊಯ್ದು ಗುರುತು ಹಾಕುವವೂ ಇವೆ. ಚಿನ್ನಿಯ ಲಕ್ಷಣ ಇವು ಯಾವುದಕ್ಕೂ ಹೊಂದುವುದಿಲ್ಲ.

ನಿಮ್ಮ ನಾಯಿ ಇನ್ನೂ ವಯಸ್ಸಾದದ್ದು ಅಂದಿದ್ದರೆ ನಾನು ಎರಡು ವಿಷಯ ಕೇಳುತ್ತಿದ್ದೆ. ಒಂದು, ಕೀಲು ನೋವು. ಹೊರಗೆ ಹೋಗಬೇಕು ಅಂತ ಗೊತ್ತಿರುತ್ತದೆ, ಏಳಲು ಆಗುವುದಿಲ್ಲ. ನುಣುಪು ನೆಲದ ಮೇಲೆ ಜಾರುತ್ತದೆ ಅಂತ ಹೆಜ್ಜೆ ಇಡುವುದಿಲ್ಲ. ಅಂಥ ನಾಯಿಗೆ ಹಾಸಿಗೆಯಿಂದ ಬಾಗಿಲವರೆಗೆ ಜಾರದ ಚಾಪೆ ಹಾಸಿದ್ದೇ ದೊಡ್ಡ ಚಿಕಿತ್ಸೆ ಆಗುತ್ತದೆ. ಎರಡು, ಮೆದುಳಿನ ಮುಪ್ಪು. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 11ರಿಂದ 12 ವರ್ಷದ ನಾಯಿಗಳಲ್ಲಿ 100ಕ್ಕೆ 28, 15ರಿಂದ 16 ವರ್ಷದವುಗಳಲ್ಲಿ 68 ಮೆದುಳಿನ ಮುಪ್ಪಿನ ಒಂದಾದರೂ ಲಕ್ಷಣ ತೋರಿಸಿದ್ದವು. ನನ್ನ ಹಳೆಯ ನಾಯಿ ಕೊನೆಯ ವರ್ಷ ಹೊರಗೆ ಹೋಗಿ ಗಾಳಿ ಮೂಸುತ್ತಾ ನಿಲ್ಲುತ್ತಿದ್ದ. ಯಾಕೆ ಬಂದೆ ಅನ್ನುವುದು ಮರೆತಿರುತ್ತಿತ್ತು. ಒಳಗೆ ಬಂದ ಕೂಡಲೇ ನೆನಪಾಗಿ ಅಲ್ಲೇ ಮಾಡುತ್ತಿದ್ದ. ನಾನು ಅವನ ಜೊತೆ ನಿಂತು, ಎರಡು ಸುತ್ತು ಹೆಚ್ಚು ನಡೆಸಿ, ಮಾಡಿದ ಮೇಲೆ ಬೆನ್ನು ತಟ್ಟಿ ಕರೆತರುತ್ತಿದ್ದೆ. ಅಷ್ಟರಲ್ಲೇ ಬಹಳ ಸುಧಾರಿಸಿತು.

ಕಾರಣ ಗೊತ್ತಾಗಿ ಔಷಧಿ ಹಿಡಿಯುವವರೆಗೆ ಮನೆ ನಡೆಯಬೇಕಲ್ಲ. ಮಲಗುವ ಮುಂಚೆ ತಡವಾಗಿ ಒಂದು ಸಲ, ಬೆಳಿಗ್ಗೆ ನೀವು ಎದ್ದ ಕೂಡಲೇ ಒಂದು ಸಲ ಹೊರಗೆ ಬಿಡಿ. ಸಾಧ್ಯವಾದರೆ ರಾತ್ರಿ ನಡುವೆಯೂ ಒಮ್ಮೆ. ಹಗಲು ನಾಲ್ಕು ಗಂಟೆಗಿಂತ ಜಾಸ್ತಿ ಕಾಯಿಸಬೇಡಿ. ಹಾಸಿಗೆಗೆ ನೀರಿಳಿಯದ ಹೊದಿಕೆ ಹಾಕಿ, ಅದರ ಮೇಲೆ ಒದ್ದೆ ಹೀರುವ ಬಟ್ಟೆ ಹಾಸಿ. ಎರಡು ಮೂರು ಜೊತೆ ಇದ್ದರೆ ಒಗೆಯಲು ಸುಲಭ. ಕಾಲಿರುವ ಬಲೆಯ ಮಂಚವೂ ಒಳ್ಳೆಯದು, ಸೋರಿದ್ದು ಕೆಳಗೆ ಇಳಿದುಹೋಗುತ್ತದೆ, ಮೈ ಒಣಗಿರುತ್ತದೆ.

ನೆಲದ ಮೇಲಿನದನ್ನು ಮೊದಲು ಬಟ್ಟೆ ಒತ್ತಿ ಹೀರಿಸಿ, ಉಜ್ಜಬೇಡಿ. ಆಮೇಲೆ ಎನ್ಜೈಮ್ ಇರುವ ಕ್ಲೀನರ್ ಹಾಕಿ ಹತ್ತು ಹದಿನೈದು ನಿಮಿಷ ಒದ್ದೆಯಾಗೇ ಬಿಡಿ. ವಾಸನೆಯ ಮೂಲವನ್ನೇ ಒಡೆಯುವುದು ಅದು. ಸುವಾಸನೆಯ ದ್ರಾವಣ ನಮ್ಮ ಮೂಗಿಗೆ ಮೋಸ ಮಾಡುತ್ತದೆ, ನಾಯಿಯದಕ್ಕಲ್ಲ. ಅಮೋನಿಯಾ ಇರುವ ಕ್ಲೀನರ್ ಉಚ್ಚೆಯ ಹಾಗೇ ನಾರುತ್ತದೆ, ಬೇಡ. ಬ್ಲೀಚನ್ನು ಉಚ್ಚೆಯ ಮೇಲೆ ಸುರಿಯಬೇಡಿ, ವಿನೆಗರ್ ಜೊತೆ ಸೇರಿಸಬೇಡಿ. ಎರಡರಿಂದಲೂ ಉಸಿರಿಗೆ ಕೆಟ್ಟ ಹೊಗೆ ಏಳುತ್ತದೆ.

ಡೈಪರ್ ಹಾಕಬಹುದು, ಆದರೆ ಅದನ್ನೇ ಪರಿಹಾರ ಅಂದುಕೊಂಡು ಸುಮ್ಮನಾಗಬೇಡಿ. ಒದ್ದೆಯಾದ ಡೈಪರ್ ಮೈಗೆ ಅಂಟಿಕೊಂಡಿದ್ದರೆ ಚರ್ಮ ಸುಡುತ್ತದೆ, ಸೋಂಕು ಒಳಗೇರುತ್ತದೆ. ದಿನಕ್ಕೆರಡು ಸಲ ತೊಡೆಯ ಸಂದು, ಮೂತ್ರದ್ವಾರದ ಮಡಿಕೆ ನೋಡಿ. ಕೆಂಪಾಗಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒತ್ತಿ ಒರೆಸಿ, ಗಾಳಿಗೆ ಬಿಡಿ. ಆ ಜಾಗದ ಉದ್ದ ಕೂದಲು ಕತ್ತರಿಸಿ. ಮಕ್ಕಳಿಗೆ ಹಚ್ಚುವ ಜಿಂಕ್ ಆಕ್ಸೈಡ್ ಕ್ರೀಮ್ ಮಾತ್ರ ಹಚ್ಚಬೇಡಿ. ಅವಳು ನೆಕ್ಕುತ್ತಾಳೆ, ಜಿಂಕ್ ನಾಯಿಗೆ ವಿಷ.

ವೈದ್ಯರಲ್ಲಿಗೆ ಹೋಗುವಾಗ ಮೂರು ದಿನದ ನೀರಿನ ಲೆಕ್ಕ, ಒದ್ದೆಯಾದ ಹೊತ್ತಿನ ಚೀಟಿ, ಈಗ ಕೊಡುತ್ತಿರುವ ಔಷಧಿಗಳ ಹೆಸರು ತೆಗೆದುಕೊಂಡು ಹೋಗಿ. ನೀರಿನ ಲೆಕ್ಕ ಮುಗಿಯುವವರೆಗೆ ಉಚ್ಚೆಯ ಪರೀಕ್ಷೆ ತಡಮಾಡಬೇಡಿ, ಅದನ್ನು ನಾಳೆಯೇ ಕೊಡಿ. ಇದರ ನಡುವೆ ಅವಳು ಊಟ ಬಿಟ್ಟರೆ, ವಾಂತಿ ಮಾಡಿದರೆ ಅಥವಾ ಉಚ್ಚೆಯಲ್ಲಿ ರಕ್ತ ಕಂಡರೆ ಲೆಕ್ಕವನ್ನು ಅಲ್ಲಿಗೇ ಬಿಟ್ಟು ಅದೇ ದಿನ ಕರೆದುಕೊಂಡು ಹೋಗಿ. ಸ್ನಾಯು ಬಿಗಿ ಮಾಡುವ ಮಾತ್ರೆ ಶುರು ಮಾಡಿದರೆ, ಕೆಲವು ವಾರ ಬಿಟ್ಟು ರಕ್ತದೊತ್ತಡ ನೋಡಿಸಿ, ಅಲ್ಲಿಯವರೆಗೆ ಚೀಟಿಯಲ್ಲಿ ಬರೆಯುತ್ತಿರಿ. ಎಷ್ಟು ಬೆಳಿಗ್ಗೆ ಹಾಸಿಗೆ ಒಣಗಿತ್ತು ಅನ್ನುವುದನ್ನು ನೋಡಿಯೇ ಪ್ರಮಾಣ ಏರಿಸುವುದಾ ಇಳಿಸುವುದಾ ಅಂತ ಅವರು ತೀರ್ಮಾನ ಮಾಡುತ್ತಾರೆ.